ಸತ್ತಿಯ ಲೆಕ್ಕ ಇನ್ನೊಮ್ಮೆ

ಸತ್ತಿ, ತಾ. ಅಥಣಿ
ಸೋಮವಾರ, ೨ ಡಿಸೆಂಬರ್ ೨೦೨೪

ಪ್ರೀತಿಯ ಸಂದೇಶಾ,

ಜಯ ಜಿನೇಂದ್ರ. ನಿನ್ನ ಅವ್ವನ ಆಶೀರ್ವಾದಗಳು. ಹುಷಾರಾಗಿದ್ದೀಯಾ? ಹೋದ ಸಲ ಫೋನಿನಲ್ಲಿ ನಿನ್ನ ದನಿ ಒಡೆದಿತ್ತು. ಕೇಳಿದರೆ ಧೂಳು ಎಂದೆ. ತಾಂಜಾನಿಯಾದ ಧೂಳಿಗೂ ನಮ್ಮ ಅಥಣಿಯ ಧೂಳಿಗೂ ಏನು ಭೇದವೋ ನನಗೆ ಗೊತ್ತಿಲ್ಲ, ಆದರೆ ನಮ್ಮ ಧೂಳಿನಲ್ಲಿ ಬೆಳೆದ ನೀನು ಎಂದೂ ಕೆಮ್ಮಿದವನಲ್ಲ. ಅಲ್ಲಿನ ಸಕ್ಕರೆ ಕಾರ್ಖಾನೆಯವರು ಸೊಳ್ಳೆಪರದೆ ಕೊಟ್ಟಿದ್ದಾರೆ ಅಂದಿದ್ದೆ. ನಿಜವಾಗಿ ಕೊಟ್ಟಿದ್ದಾರೋ, ನನ್ನ ಬಾಯಿ ಮುಚ್ಚಿಸಲು ಹೇಳಿದೆಯೋ? ರಸ ಕುದಿಯುವ ಕಡಾಯಿಗಳ ಮುಂದೆ ನಿಂತು ಪಾಳಿ ಮುಗಿಸುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಆಮೇಲೆ ಏನು ಮಾಡುತ್ತೀ? ನಮ್ಮದು ಹೊತ್ತು ಮುಳುಗಿದ ಮೇಲೆ ಉಣ್ಣದ ಮನೆ, ಅದು ಸರಿ. ಹಾಗೆಂದು ಹೊಟ್ಟೆ ಕಾಯಿಸಬೇಡ. ಪಾಳಿಗೆ ಹೋಗುವಾಗಲೇ ಬುತ್ತಿ ಕಟ್ಟಿಕೊಂಡು ಹೋಗಿ, ಬೆಳಕಿರುವಾಗಲೇ ತಿನ್ನು.

ನಾವು ಇಲ್ಲಿ ಕ್ಷೇಮ. ನಿಮ್ಮಪ್ಪನ ಮೊಣಕಾಲು ನೋವು ಹೊಲಕ್ಕೆ ಹೋಗು ಅಂದರೆ ಏಳುತ್ತದೆ, ಸೊಸೈಟಿಯ ಮೀಟಿಂಗಿಗೆ ಅಥಣಿಗೆ ಹೋಗು ಅಂದರೆ ಇಳಿಯುತ್ತದೆ. ಹೀಗಾಗಿ ಮೊದಲಿನ ಹಾಗೇ ಹೊಲ, ನೀರು, ಆಳು ಎಲ್ಲ ನನ್ನ ತಲೆಯ ಮೇಲೆ. ಬೇಡ ಅಂತಲ್ಲ. ಇನ್ನೊಬ್ಬರ ಕೈಗೆ ಕೊಟ್ಟು ಅವರ ಹಿಂದೆ ತಿರುಗುವುದಕ್ಕಿಂತ ನಾನೇ ಮಾಡುವುದು ಸುಲಭ.

ದಿನವೂ ಫೋನು ಇರುವಾಗ ಅವ್ವ ಕಾಗದ ಯಾಕೆ ಬರೆದಳು ಎಂದು ನಿನಗೆ ಅನಿಸಬಹುದು. ವಿಡಿಯೋ ಕರೆ ಬಂದಾಗ ಫೋನು ಹಿಡಿಯುವವಳು ತ್ರಿಶಲಾ. ನಾನು ಹಿಡಿದರೆ ನಿನಗೆ ನನ್ನ ಹಣೆ ಮಾತ್ರ ಕಾಣುತ್ತದೆ ಅನ್ನುತ್ತೀ. ನಿನ್ನ ಹೆಂಡತಿ ಹಿಡಿದ ಫೋನಿನಲ್ಲಿ ನಿನ್ನ ಹೆಂಡತಿಯ ಮಾತು ಹೇಗೆ ಆಡಲಿ? ಚಿಕ್ಕೋಡಿಯ ಶಿವರಾಜ ನಿಮ್ಮ ಕಾರ್ಖಾನೆಗೇ ಫಿಟ್ಟರ್ ಆಗಿ ಬರುತ್ತಿದ್ದಾನೆ, ರವಿವಾರ ನಮ್ಮ ಮನೆಗೆ ಬಂದು ಹೋಗುತ್ತಾನೆ. ಅವನ ಕೈಯಲ್ಲಿ ಶೇಂಗಾ ಚಟ್ನಿ, ಒಣದ್ರಾಕ್ಷಿ, ಖಾರದ ಚುರುಮುರಿಯ ಭಡಂಗ ಕೊಡುತ್ತೇನೆ. ಈ ಕಾಗದವನ್ನು ಭಡಂಗದ ಡಬ್ಬಿಯ ಕೆಳಗೆ ಇಡುತ್ತೇನೆ. ಅವನು ಒಳ್ಳೆಯ ಹುಡುಗನೇ, ಆದರೂ ಅಂಟು ಹಚ್ಚಿದ ಜಾಗ ಬಿಚ್ಚಿದಂತಿದೆಯೋ ನೋಡಿಕೋ.

ಈಗ ವಿಷಯಕ್ಕೆ ಬರುತ್ತೇನೆ. ನೇರವಾಗಿ ಕೇಳುತ್ತೇನೆ, ನೇರವಾಗಿ ಉತ್ತರ ಕೊಡು. ನೀವು ಗಂಡ ಹೆಂಡತಿ ಸೇರಿ ಧಾರವಾಡದಲ್ಲಿ ಮನೆ ಮಾಡುವ ವಿಚಾರ ಮಾಡಿದ್ದೀರೇನು? ಮಾಡಿದ್ದರೆ ಹೇಳಿಬಿಡಿ, ನಾನೇನು ಅಡ್ಡ ಮಲಗುವವಳಲ್ಲ. ಆದರೆ ನನ್ನ ಬೆನ್ನ ಹಿಂದೆ ಬೇಡ. ಎರಡು ವರ್ಷದಿಂದ ಆ ಹುಡುಗಿ ನನ್ನ ಜೊತೆ ಒಂದೇ ಒಲೆಯ ಮುಂದೆ ಕೂತವಳು. ಅವಳು ನನ್ನಿಂದ ಏನೋ ಮುಚ್ಚಿಡುತ್ತಿದ್ದಾಳೆ ಎಂಬುದು ನನಗೆ ಗೊತ್ತಾಗಿದೆ. ಅದು ನನ್ನ ಕರುಳಿಗೆ ಹತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಾದದ್ದು ಹೇಗೆ ಎಂದರೆ, ನಾನು ಪಡಸಾಲೆಗೆ ಕಾಲಿಟ್ಟ ಕೂಡಲೇ ಅವಳ ಲ್ಯಾಪ್‌ಟಾಪಿನ ಮೇಲಿನ ಪುಟ ಬದಲಾಗುತ್ತದೆ. ಮೊದಲು ಹಾಗಿರಲಿಲ್ಲ. ಮೊದಲು ತಾನೇ ಕರೆದು ತೋರಿಸುತ್ತಿದ್ದಳು. ಹೊಳೆದಂಡೆಯ ಊರುಗಳ ಮಣ್ಣಿನ ಪರೀಕ್ಷೆಗೆ ಅವಳ ವಿಶ್ವವಿದ್ಯಾಲಯದವರು ಅವಳನ್ನು ತೆಗೆದುಕೊಂಡದ್ದು ನಿನಗೆ ಗೊತ್ತೇ ಇದೆ. ಯಡೂರಿನಿಂದ ಸತ್ತಿಯವರೆಗೆ ಯಾವ ಹೊಲ ಉಪ್ಪೇರಿ ಸವಳು ಆಗುತ್ತಿದೆ, ಯಾವುದು ಇನ್ನೂ ಚೆನ್ನಾಗಿದೆ ಎಂದು ಮಣ್ಣು ತಂದು, ಆಕಾಶದಿಂದ ತೆಗೆದ ಚಿತ್ರಗಳ ಜೊತೆ ಕೂಡಿಸಿ ಲೆಕ್ಕ ಹಾಕುವ ಕೆಲಸ. ಆ ಲೆಕ್ಕ ಅವಳ ಲ್ಯಾಪ್‌ಟಾಪಿಗೆ ಎತ್ತುವ ಭಾರವಲ್ಲವಂತೆ. ಧಾರವಾಡದಲ್ಲಿ ಒಂದು ಕೋಣೆ ತುಂಬ ದೊಡ್ಡ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ ಇಟ್ಟಿದ್ದಾರೆ, ಅದಕ್ಕೆ ಕ್ಲಸ್ಟರ್ ಎನ್ನುತ್ತಾರೆ. ಇವಳು ಇಲ್ಲಿ ಕೂತು ಪುಟ ತೆರೆದರೆ ಕೆಲಸ ಅಲ್ಲಿ ನಡೆಯುತ್ತದೆ. ಆ ಪುಟಕ್ಕೆ ನೋಟ್‌ಬುಕ್ ಎಂದು ಹೆಸರು. ಒಂದು ಚೌಕದಲ್ಲಿ ನಾಲ್ಕು ಸಾಲು ಬರೆದು ಒತ್ತಿದರೆ ಅದರ ಕೆಳಗೇ ಉತ್ತರ ಬರುತ್ತದೆ, ಒಮ್ಮೆ ಅಂಕಿ, ಒಮ್ಮೆ ನಕಾಶೆ. ನೋಡಿ, ತಿದ್ದಿ, ಮತ್ತೆ ಒತ್ತುವುದು. ಮಾತಾಡಿಸಿದ ಹಾಗೇ ಇರುತ್ತದೆ.

ಆದರೆ ಆ ಯಂತ್ರ ಇವಳೊಬ್ಬಳದಲ್ಲ. ನಾನು ಮೊದಲು ಕೇಳಿದ್ದೇ ಅದು, ಯಾರ ಯಾರ ಪಾಲಿದೆ ಅದರಲ್ಲಿ ಎಂದು. ಅದಕ್ಕೆ ಅವಳು, “ಎಲ್ಲಾರದೂ ಐತ್ರಿ ಅತ್ತಿ. ಎಷ್ಟ ಜಾಗಾ ಬೇಕು, ಎಷ್ಟ ಹೊತ್ತ ಬೇಕು ಅಂತ ಬರದ ಕೊಟ್ಟ ಪಾಳಿ ಹಚ್ಚಬೇಕ್ರಿ. ಪಾಳಿ ಬಂದಾಗ ಪುಟ ತೆರೀತೈತಿ,” ಎಂದಳು. ಪಾಳಿ ಎಂದ ಕೂಡಲೇ ನನಗೆ ಪೂರ್ತಿ ತಿಳಿಯಿತು. ಹೊಳೆಯ ಮೇಲಿನ ನಮ್ಮ ಮೋಟರು ನಮಗೂ ಪಕ್ಕದ ಹೊಲದ ಭೀಮಸಿಗೂ ಕೂಡಿ ಇರುವುದಲ್ಲವೇ? ಹಂಚಿಕೊಂಡ ವಸ್ತು ಎಂದರೆ ಏನು, ಹಂಚಿಕೊಂಡ ಜನ ಎಂದರೆ ಏನು ಎಂದು ನನಗೆ ಯಾರೂ ಕಲಿಸಬೇಕಿಲ್ಲ. ಈ ಮನೆಗೆ ಬಂದಾಗಿನಿಂದ ಆ ಮೋಟರಿನ ಪಾಳಿ ಕಾಯುತ್ತಲೇ ನನ್ನ ಕೂದಲು ನರೆತದ್ದು.

ತ್ರಿಶಲಾಳ ಪಾಳಿ ಯಾವಾಗ ಬರುತ್ತಿತ್ತು ಗೊತ್ತೇ? ಸರಿಯಾಗಿ ನಾವು ತಾಟು ಹಾಕುವ ಹೊತ್ತಿಗೆ. ಬೆಳಿಗ್ಗೆ ಹಚ್ಚಿದ ಪಾಳಿ ಹಗಲೆಲ್ಲ ಕಾಯಿಸಿ ಹೊತ್ತು ಇಳಿಯುವಾಗ ಬರುತ್ತಿತ್ತು. ಬಂದದ್ದನ್ನು ಬಿಟ್ಟು ಏಳುವ ಹಾಗಿಲ್ಲ. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಯಂತ್ರ ಜಾಗ ಕಿತ್ತುಕೊಂಡು ಮುಂದಿನವರಿಗೆ ಕೊಡುತ್ತದೆ. ಬರೆದ ಪುಟ ಉಳಿಯುತ್ತದೆ, ಆದರೆ ಅಷ್ಟರವರೆಗೆ ಮಾಡಿದ ಲೆಕ್ಕವೆಲ್ಲ ಹೋಗಿ ಮೊದಲಿನಿಂದ ಶುರು. ಅಡಿಗೆ ಹೇಗೆ ಮಾಡುವುದೆಂದು ಬರೆದ ಚೀಟಿ ಉಳಿದು, ಒಲೆಯ ಮೇಲಿನ ಪಾತ್ರೆಯೇ ಮಾಯವಾದ ಹಾಗೆ. ಇವಳು ಒತ್ತುತ್ತ ಕೂರುವುದು, ಹೊರಗೆ ಹೊತ್ತು ಮುಳುಗುವುದು, ಆಮೇಲೆ “ಇವತ್ತ ಬ್ಯಾಡ್ರಿ ಅತ್ತಿ, ಹಸಿವಿಲ್ಲ,” ಎಂದು ಒಂದು ಲೋಟ ನೀರನ್ನೂ ಮುಟ್ಟದೆ ಮಲಗುವುದು. ಕಾಗವಾಡದ ಅವಳ ತವರಿನವರು ನೋಡಿದರೆ ಏನೆಂದಾರು? ಅತ್ತೆ ಹೊಟ್ಟೆಗೆ ಹಾಕುವುದಿಲ್ಲ ಎನ್ನುತ್ತಾರೆ, ಕ್ಲಸ್ಟರ್ ಹಾಕಲಿಲ್ಲ ಎನ್ನುವುದಿಲ್ಲ.

ಒಂದು ದಿನ ತಡೆಯಲಾರದೆ, ಪಾಳಿಯಲ್ಲಿ ಯಾರು ಯಾರಿದ್ದಾರೆ ತೋರಿಸು ಎಂದೆ. ತೋರಿಸಿದಳು. ಹೆಸರುಗಳ ಸಾಲು, ಯಾರದು ನಡೆದಿದೆ, ಯಾರು ಕಾಯುತ್ತಿದ್ದಾರೆ ಎಲ್ಲ ಕಾಣುತ್ತದೆ. ಮರುದಿನ ನೋಡಿದೆ, ಅದರ ಮರುದಿನ ನೋಡಿದೆ. ಬೇರೆ ಹೆಸರುಗಳು ಬಂದು ಹೋಗುತ್ತಿದ್ದವು, ವಿಶ್ವಾಸ ಎಂಬ ಒಂದು ಹೆಸರು ಮಾತ್ರ ಗೂಟ ಹೊಡೆದ ಹಾಗೆ ಅಲ್ಲೇ ಇತ್ತು. ರಾಯಬಾಗದ ಹುಡುಗ, ಇವಳ ಹಾಗೆಯೇ ಊರಿನಿಂದ ಕೆಲಸ ಮಾಡುವವನು, ಇವಳ ಸರ್ ಕೈಕೆಳಗಿನವನೇ. “ಅವಾ ಕೆಲಸಾ ಮಾಡಾಕತ್ತಾನೋ, ಸುಮ್ಮ ಹಿಡಕೊಂಡ ಕುಂತಾನೋ?” ಎಂದು ಕೇಳಿದೆ. ಅವಳು ಏನೋ ಒತ್ತಿ ನೋಡಿ, “ಹಿಡಕೊಂಡ ಕುಂತಾರ್ರಿ. ಯಂತ್ರ ಖಾಲಿ ಓಡಾಕತ್ತೈತಿ. ಆದ್ರ ಹಂಗ ಅನಬಾರದ್ರಿ, ಅವರಿಗೂ ಏನರ ತೊಂದ್ರಿ ಇರ್ತೈತಿ,” ಎಂದಳು. ನಿನ್ನ ಹೆಂಡತಿಯ ಸ್ವಭಾವ ಇದು. ಕಳ್ಳ ಗೋಡೆ ಹಾರಿದರೆ ಅವನ ಕಾಲಿಗೆ ಪೆಟ್ಟಾಯಿತೇನೋ ಎಂದು ನೋಡುವವಳು.

ಅಷ್ಟರಲ್ಲಿ ಕಾಗವಾಡದಲ್ಲಿ ಅವಳ ಅಣ್ಣನ ಮಗುವಿನ ತೊಟ್ಟಿಲು ಬಂತು. ಇಬ್ಬರೂ ಹೋದೆವು. ಹೋಗುವ ಮುಂಚೆ ದೊಡ್ಡ ಲೆಕ್ಕವೊಂದನ್ನು ಓಡಲು ಬಿಟ್ಟು ಬಂದಿದ್ದಳು. ಅದು ಮುಗಿದು ಉತ್ತರ ಕೈಯಲ್ಲಿ ಹಿಡಿದು ಇವಳನ್ನು ಕಾದಿದೆ, ಇವಳಿಲ್ಲ. ತಿರುಗಿ ಬರುವಷ್ಟರಲ್ಲಿ ಯಂತ್ರ ಎಲ್ಲ ಬಳಿದು ಹಾಕಿತ್ತು. ಹಿತ್ತಲಲ್ಲಿ ಬಟ್ಟೆ ಒಣಹಾಕುವ ನೆವ ಮಾಡಿ ಅತ್ತಳು. ಒಂದೇ ಟವೆಲ್ಲು ಎಷ್ಟು ಸಲ ಹಿಂಡುತ್ತಾರೆ? ನನಗೆ ಸಿಟ್ಟು ಬಂತು. ನಮ್ಮ ಹೊಲದ ಮೋಟರಿಗೆ ಆಟೋ ಸ್ಟಾರ್ಟರ್ ಇಲ್ಲವೇ? ಕರೆಂಟು ಯಾವಾಗ ಬರುತ್ತದೆಂದು ಕಾಯುತ್ತ ಕೂರುವುದಿಲ್ಲ, ಬಂದಾಗ ತಾನೇ ಚಾಲೂ ಆಗುತ್ತದೆ, ನಮ್ಮ ಪಾಳಿಯ ನೀರು ನಮ್ಮ ಹೊಲಕ್ಕೇ ಬೀಳುತ್ತದೆ. ಬೆಳೆಗೆ ಬೇಕೋ ಬೇಡವೋ ಆಮೇಲಿನ ಮಾತು. ನಾವು ಬಿಟ್ಟರೆ ಭೀಮಸಿ ವಾಲು ತನ್ನ ಹೊಲಕ್ಕೆ ತಿರುಗಿಸಿಕೊಳ್ಳುತ್ತಾನೆ. ಅವನ ಪಾಳಿಯಲ್ಲಿ ಅವನೂ ಹಾಗೇ ಮಾಡುತ್ತಾನೆ. ಇದಕ್ಕೂ ಹಾಗೊಂದು ಹಚ್ಚು ಎಂದೆ.

ಅವಳು ಒಲ್ಲೆ ಎಂದಳು. ನಿಯಮವಿದೆಯಂತೆ. ನಿಯಮ ಎಲ್ಲರಿಗೂ ಇದ್ದರೆ ಆ ವಿಶ್ವಾಸನಿಗೆ ಯಾಕಿಲ್ಲ ಎಂದು ಕೇಳಿದೆ. ಎರಡು ದಿನ ನಾನು ಬಿಡಲಿಲ್ಲ. ಕೊನೆಗೆ ನೋಟ್‌ಬುಕ್ಕಿನ ಕೆಳಗೆ ಎರಡು ಸಾಲು ಬರೆದಳು. ಅದು ಏನನ್ನೂ ಮಾಡುವುದಿಲ್ಲ, ಸುಮ್ಮನೆ ಎಣಿಸುತ್ತ ಇರುತ್ತದೆ, ಯಂತ್ರಕ್ಕೆ ಇಲ್ಲಿ ಯಾರೋ ಕೆಲಸ ಮಾಡುತ್ತಿದ್ದಾರೆ ಎನಿಸುತ್ತದೆ. ಅವಳು ಮಣ್ಣು ತರಲು ಹೊರಗೆ ಹೋದಾಗ ಲ್ಯಾಪ್‌ಟಾಪು ಮಲಗದ ಹಾಗೆ ಕಾಯುವ ಕೆಲಸ ನನ್ನದು. ಅವರೆಕಾಯಿ ಸುಲಿಯುತ್ತ ಪಕ್ಕದಲ್ಲಿ ಕೂತಿರುತ್ತಿದ್ದೆ, ಆಗಾಗ ಬೆರಳು ಸವರುತ್ತಿದ್ದೆ. ಪರದೆಯ ಮೇಲೆ ಅಂಕಿ ಏರುತ್ತಿದ್ದವು, ಅಷ್ಟೇ. ಮೇಲಿನ ಪುಟವನ್ನು ಅವಳು ಮುಚ್ಚಿಟ್ಟು ಹೋಗುತ್ತಿದ್ದಳು. ಆದರೆ ಅವಳು ಹೊತ್ತಿಗೆ ಸರಿಯಾಗಿ ಉಣ್ಣತೊಡಗಿದಳು, ನನಗೆ ಅಷ್ಟು ಸಾಕಿತ್ತು.

ಉಂಡರೂ ಮುಖದಲ್ಲಿ ಗೆಲುವಿಲ್ಲ. ಯಂತ್ರ ಈಗ ಹಗಲಿಡೀ ಅವಳದೇ, ಆದರೂ ಕೆಲಸ ಮುಗಿಯುತ್ತಿಲ್ಲ. ಮೊನ್ನೆ ಯಾರಿಗೋ ಫೋನಿನಲ್ಲಿ, “ಇಲ್ಲಿಂದ ಆಗವಲ್ದ್ರಿ ಸರ್, ನಾ ಅಲ್ಲೇ ಬಂದ ಕುಂಡರ್ತೀನಿ,” ಎನ್ನುತ್ತಿದ್ದಳು. ನನ್ನನ್ನು ನೋಡಿ ದನಿ ಇಳಿಸಿದಳು. ಅಲ್ಲೇ ಎಂದರೆ ಎಲ್ಲಿ? ಇದಕ್ಕೇ ನಾನು ಧಾರವಾಡದ ಮಾತು ಕೇಳಿದ್ದು.

ಇನ್ನೊಂದು ಸುದ್ದಿ. ಹೊಳೆದಂಡೆಯ ಹೊಲದಲ್ಲಿ, ಅದೇ ಮಹಾಪೂರದಲ್ಲಿ ಹೊಳೆ ಮೂಲೆ ತಿಂದ ಹೊಲದಲ್ಲಿ, ಆ ಮೂಲೆಯ ಕಡೆಯ ಕಬ್ಬು ಹಳದಿಯಾಗಿದೆ. ನೀರಿಗೇನೂ ಕಡಿಮೆ ಮಾಡಿಲ್ಲ. ಹಾಗಾದರೆ ಯಾಕೆ? ಆಚೆ ಬದು ಭೀಮಸಿಯದು. ಕಳೆಗೆ ಹೊಡೆಯುವ ಔಷಧ ಗಾಳಿಗೆ ಈಚೆ ಬಂತೋ, ಅವನೇ ಕೈ ತಿರುಗಿಸಿದನೋ. ಕೇಳಿದರೆ “ವೈನಿ, ನಾ ಯಾಕ ಹಂಗ ಮಾಡ್ಲಿ?” ಎಂದ. ಮಾಡುವವರೆಲ್ಲ ಹಾಗೇ ಕೇಳುತ್ತಾರೆ. ಆ ಹೊಲ ನಿಮ್ಮಜ್ಜ ತವನಪ್ಪನವರು ಕಾಡುಮುಳ್ಳು ಕಿತ್ತು ಮಾಡಿದ್ದು. ಅದು ಹಳದಿಯಾದದ್ದನ್ನು ನೋಡಿದರೆ ನನಗೆ ಉಂಡದ್ದು ಇಳಿಯುವುದಿಲ್ಲ. ಇವಳನ್ನು ಕೇಳಿದೆ, ನೀನು ಮಣ್ಣಿನ ಕೆಲಸದವಳು, ಒಂದು ಸಲ ನೋಡು ಎಂದು. “ನೋಡೋಣ್ರಿ,” ಎಂದಳು. ಊರೆಲ್ಲರ ಮಣ್ಣು ತರಲು ಹೊತ್ತಿದೆ, ಮನೆಯ ಹೊಲಕ್ಕೆ ನೋಡೋಣ. ಇಷ್ಟೇ ಇವತ್ತಿಗೆ. ಮುಂದಿನದು ನಾಳೆ ನಾಡಿದ್ದು ಬರೆಯುತ್ತೇನೆ.

ಗುರುವಾರ

ಸಂದೇಶಾ, ಸೋಮವಾರ ಬರೆದದ್ದು ಹಾಗೇ ಇರಲಿ. ಈಗ ಬೇರೆಯೇ ಆಗಿ ಕೂತಿದೆ.

ಮಂಗಳವಾರ ಬೆಳಿಗ್ಗೆ ತ್ರಿಶಲಾ ಪುಟ ತೆರೆದರೆ ತೆರೆಯಲಿಲ್ಲ. ಕ್ಲಸ್ಟರ್ ನೋಡಿಕೊಳ್ಳುವವರಿಂದ ಮೇಲ್ ಬಂದಿತ್ತು. ನೀವು ಕೆಲಸ ಮಾಡದೆ ಜಾಗ ಹಿಡಿದಿದ್ದೀರಿ, ಬೇರೆಯವರು ಕಾಯುತ್ತಿದ್ದಾರೆ, ಅದಕ್ಕೆ ನಿಮ್ಮದನ್ನು ನಿಲ್ಲಿಸಿದ್ದೇವೆ, ಮತ್ತೊಮ್ಮೆ ಹೀಗಾದರೆ ನಿಮಗೆ ಪ್ರವೇಶವೇ ಇಲ್ಲ ಎಂದು. ಅದರ ಪ್ರತಿ ಸರ್‌ಗೂ ಹೋಗಿದೆ. ಸರ್ ಕೂಡಲೇ ಫೋನು ಮಾಡಿ, ಸತ್ತಿಯ ಲೆಕ್ಕ ಎಲ್ಲಿ, ಶುಕ್ರವಾರ ಇಲ್ಲಿಗೆ ಬಾ, ತರದಿದ್ದರೆ ಈ ಕೆಲಸ ಬೇರೆಯವರಿಗೆ ಕೊಡುತ್ತೇನೆ ಎಂದರಂತೆ. ಹುಡುಗಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಾನೂ ನಾಲ್ಕು ಅಂದು ಹಗುರಾಗುತ್ತಿದ್ದೆ.

ನನಗೆ ಒಂದೇ ಯೋಚನೆ, ಚಾಡಿ ಹೇಳಿದವರು ಯಾರು. ಮತ್ತ್ಯಾರು, ಆ ವಿಶ್ವಾಸನೇ. ಹಿಂದೊಮ್ಮೆ ತ್ರಿಶಲಾ ನನ್ನ ಫೋನಿನಿಂದ ಅವನಿಗೆ ಕರೆ ಮಾಡಿದ್ದಳು, ನಂಬರು ಉಳಿದಿತ್ತು. ನಿನ್ನೆ ಅವಳು ಸ್ನಾನಕ್ಕೆ ಹೋದ ಹೊತ್ತು ನೋಡಿ ಹಚ್ಚಿದೆ. ನಿನ್ನ ಹೆಸರು ವಿಶ್ವಾಸ ಎಂದು ಇಟ್ಟವರು ಯಾರಪ್ಪಾ ಎಂದೇ ಶುರು ಮಾಡಿದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ, “ಕಾಕೂ, ಯಾರೂ ಹೇಳಿಲ್ರಿ. ಯಾರ ಜಾಗಾ ಹಿಡದಾರ, ಎಷ್ಟ ಕೆಲಸಾ ಮಾಡ್ಯಾರ ಅಂತ ಯಂತ್ರನ ಬರದ ಇಡತೈತಿ. ನನಗೂ ಅದ ಮೇಲ್ ಬಂದೈತ್ರಿ,” ಎಂದ. ಯಂತ್ರವೇ ಚಾಡಿ ಹೇಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹಾಗಾದರೆ ನೀನು ಯಾಕೆ ದಿನವಿಡೀ ಹಿಡಿದು ಕೂತಿದ್ದೆ ಎಂದೆ. “ರಾಯಬಾಗದಾಗ ಕರೆಂಟ್ ಹ್ವಾದ್ರ ನೆಟ್ಟೂ ಹೋಗ್ತೈತ್ರಿ. ತಿರಗಿ ಬರೂದ್ರಾಗ ನನ್ನ ಜಾಗಾದಾಗ ನಿಮ್ಮ ಸೊಸಿ ಇರ್ತಿದ್ರು. ಅವರು ಹಿಡೀತಾರಂತ ನಾ ಹಿಡದೆ,” ಎಂದ. ದನಿಯಲ್ಲಿ ಮೋಸ ಇರಲಿಲ್ಲ. ಬಾಯಿ ತುಂಬ ತುಂಬಿಕೊಂಡಿದ್ದ ಬೈಗುಳ ಬಿಟ್ಟು, ನಾಷ್ಟಾ ಆಯಿತೇನಪ್ಪಾ ಎಂದು ಕೇಳಿದೆ.

ಫೋನು ಇಡುವಾಗ ಅವನು ಇನ್ನೊಂದು ಮಾತು ಹೇಳಿದ. ಅದೇ ಈಗ ನನ್ನನ್ನು ಸುಡುತ್ತಿರುವುದು. “ಅವರದು ಮುಗದ ಬಾಳ ದಿನಾ ಆತಲ್ರಿ ಕಾಕೂ. ಯಡೂರಿಂದ ಹಿಡದ ಎಲ್ಲಾ ಊರಿಂದೂ ಸರ್‌ಗೆ ಕೊಟ್ಟಾರ. ಸತ್ತಿ ಒಂದ ಕೊಟ್ಟಿಲ್ಲ. ಅದೂ ಬಂದೈತಿ, ನಾನ ನೋಡೇನಿ. ಬಂದ ಲೆಕ್ಕಾನ ಮತ್ತ ಮತ್ತ ಓಡಸ್ತಾರ. ಕೇಳಿದ್ರ ಸತ್ತಿದು ಇನ್ನೊಮ್ಮೆ ನೋಡ್ತೀನಿ ಅಂತಾರ,” ಎಂದ.

ಹೇಳು ಈಗ. ಮುಗಿದ ಲೆಕ್ಕಕ್ಕೆ ಅಷ್ಟು ದಿನ ಉಪವಾಸ ಕೂತಳೇ? ಮುಗಿದ ಲೆಕ್ಕಕ್ಕೆ ನನ್ನನ್ನು ಅವರೆಕಾಯಿ ಹಿಡಿಸಿ ಕಾವಲು ಕೂರಿಸಿದಳೇ? ಇದಕ್ಕೆ ನನಗೆ ಕಾಣುವ ಅರ್ಥ ಒಂದೇ. ಬೇಕೆಂದೇ ಎಳೆಯುತ್ತಿದ್ದಾಳೆ. ಇಲ್ಲಿಂದ ಆಗುವುದಿಲ್ಲ ಎಂದು ಸರ್‌ಗೆ ತೋರಿಸಬೇಕು, ಸರ್ ಧಾರವಾಡಕ್ಕೆ ಕರೆಯಬೇಕು, ಆಮೇಲೆ ಅತ್ತೆಯ ಮುಂದೆ ನಾನೇನು ಮಾಡಲಿ ಕರೆದರು ಎನ್ನಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾಳೆ ಬೆಳಿಗ್ಗೆಯ ಬಸ್ಸಿಗೆ ಹೊರಟಿದ್ದಾಳೆ. ಒಂದು ದಿನಕ್ಕ ಹೋಗಿ ಬರ್ತೀನಿ ಎನ್ನುತ್ತಾಳೆ, ದೊಡ್ಡ ಚೀಲ ತೆಗೆದಿದ್ದಾಳೆ. ಒಂದು ದಿನಕ್ಕೆ ಅಷ್ಟು ದೊಡ್ಡ ಚೀಲ ಯಾಕೆ? ಕೇಳಬೇಕೆಂದು ನಾಲಿಗೆಯ ತುದಿಗೆ ಬಂತು, ಕೇಳಲಿಲ್ಲ. ಅವಳು ಸುಳ್ಳು ಹೇಳುವುದನ್ನು ಕೇಳಲು ನನಗೆ ಧೈರ್ಯವಿಲ್ಲ. ಮಗಳಿಲ್ಲದ ನನಗೆ ಅವಳು ಏನಾಗಿದ್ದಾಳೆ ಎಂಬುದು ಚೀಲ ನೋಡಿದ ಮೇಲೆಯೇ ಗೊತ್ತಾಯಿತು.

ನೀನಾದರೂ ನಿಜ ಬರೆ. ಮೈ ಕಾಪಾಡಿಕೊ, ಬಿಸಿ ಪಾತ್ರೆಗಳ ಹತ್ತಿರ ಕಾಲು ಜೋಪಾನ. ನಿಮ್ಮಪ್ಪನ ಆಶೀರ್ವಾದ. ಬಸದಿಯಲ್ಲಿ ನಿನ್ನ ಹೆಸರಿನಲ್ಲಿ ದೀಪ ಹಚ್ಚಿಸಿದ್ದೇನೆ, ಎಲ್ಲಿದ್ದರೂ ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅವ್ವ,
ಮಂಗಲ

ತಾ. ಕ. ರವಿವಾರ. ಶಿವರಾಜ ಬಂದು ಚಹಾ ಕುಡಿಯುತ್ತಿದ್ದಾನೆ, ಹೊರಗೆ ಗಾಡಿ ನಿಂತಿದೆ. ಅಂಟು ಹಚ್ಚಿದ್ದನ್ನು ನಾನೇ ಬಿಚ್ಚಿ ಬರೆಯುತ್ತಿದ್ದೇನೆ, ಅವನ ಮೇಲೆ ಸಂಶಯ ಪಡಬೇಡ. ಗುರುವಾರ ಈ ಕಾಗದ ಮುಗಿಸಿ ಒಳಗೆ ಹೋದೆ. ಅವಳು ಚೀಲ ತುಂಬುತ್ತಿದ್ದಳು, ಮಣ್ಣಿನ ಪೊಟ್ಟಣಗಳು, ಅದಕ್ಕೇ ದೊಡ್ಡ ಚೀಲ. “ಅತ್ತಿ, ಅದನ್ನಷ್ಟ ಮುಚ್ಚಿ ಕೊಡ್ರಿ,” ಎಂದು ಲ್ಯಾಪ್‌ಟಾಪು ತೋರಿಸಿದಳು. ಆ ಗಡಿಬಿಡಿಯಲ್ಲಿ ಪುಟ ಬದಲಿಸುವುದನ್ನು ಮರೆತಿದ್ದಳು. ಮೇಲಿನಿಂದ ತೆಗೆದ ಹೊಲಗಳ ನಕಾಶೆ, ನಡುವೆ ಹೊಳೆಯ ತಿರುವು. ಯಾರ ಹೊಲಕ್ಕೂ ಹೆಸರಿರಲಿಲ್ಲ, ಬರೀ ಅಂಕಿ. ಆದರೆ ಮೂಲೆ ಕಚ್ಚಿದ ರೊಟ್ಟಿಯಂಥ ಹೊಲ ಹೊಳೆದಂಡೆಯಲ್ಲಿ ಒಂದೇ ಇರುವುದು. ಅದು ಕೆಂಪಗಿತ್ತು. ಪಕ್ಕದಲ್ಲಿ ಬಣ್ಣಗಳ ಅರ್ಥ ಬರೆದಿತ್ತು, ಕೆಂಪೆಂದರೆ ನೀರು ಹೆಚ್ಚಾಗಿ ಉಪ್ಪು ಮೇಲೆ ಬಂದ ನೆಲ. ಆಚೆ ಭೀಮಸಿಯದೂ ಕೆಂಪಗಾಗುತ್ತಿತ್ತು. ಪುಟ ಕೆಳಗೆ ಸರಿಸಿದೆ, ಅದೇ ನಕಾಶೆ ಮತ್ತೆ. ಇನ್ನೂ ಸರಿಸಿದೆ, ಮತ್ತೆ. ಬೇರೆ ವರ್ಷದ ಚಿತ್ರ ಹಾಕಿ, ಹೊಸದಾಗಿ ಮಣ್ಣು ತಂದು, ಬೇರೆ ರೀತಿಯಲ್ಲಿ ಕೂಡಿಸಿ, ಒಂದರ ಕೆಳಗೊಂದು ಓಡಿಸಿದ್ದಳು. ಎಲ್ಲದರಲ್ಲೂ ನಮ್ಮ ಹೊಲ ಕೆಂಪೇ. ಒಂದು ಸಾಲು ಅಳಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಅಳಿಸಲಿಲ್ಲ. ನನಗೆ ಹೇಳಲೂ ಆಗದೆ, ಸುಳ್ಳು ಕೊಡಲೂ ಆಗದೆ, ಬಣ್ಣ ಬದಲಾದೀತೇನೋ ಎಂದು ಅಷ್ಟೂ ದಿನ ಹಸಿದು ಕೂತಿದ್ದಳು. ಆ ಹೊಲಕ್ಕೆ ಔಷಧ ಹೊಡೆದವರು ಯಾರೂ ಇಲ್ಲ ಸಂದೇಶಾ. ಭೀಮಸಿ ತೆಗೆದುಕೊಂಡಾನು ಎಂದು ಬೇಡದ ನೀರು ಕುಡಿಸಿ ಕುಡಿಸಿ ಕೆಡಿಸಿದವಳು ನಾನು. ಮುಚ್ಚಿ ಅವಳ ಕೈಗೆ ಕೊಟ್ಟೆ.

ಶುಕ್ರವಾರ ಅವಳು ಬಸ್ಸು ಹತ್ತಿದ ಮೇಲೆ ಮಿಸ್ತ್ರಿಯನ್ನು ಕರೆಸಿ ಆಟೋ ಸ್ಟಾರ್ಟರ್ ಬಿಚ್ಚಿಸಿದೆ, ಅಟ್ಟದ ಮೇಲಿದೆ. ಭೀಮಸಿಗೆ, ಈ ಸಲ ನಮ್ಮ ಪಾಳಿ ನನಗೆ ಬೇಡ ಎಂದೆ. “ಏನ ಮಸಲತ್ತ್ರಿ ವೈನಿ ಇದು?” ಎಂದು ನನ್ನ ಮುಖ ನೋಡುತ್ತ ನಿಂತ. ನಾನೇನೋ ಬಲೆ ಹಾಕಿದ್ದೇನೆ, ಪಂಚರನ್ನು ಕರೆಸುತ್ತೇನೆ ಎಂಬ ಹೆದರಿಕೆಗೆ ಅವನೂ ಮೋಟರು ಮುಟ್ಟಿಲ್ಲ. ಸಂಶಯದಿಂದ ಒಂದಾದರೂ ಒಳ್ಳೆಯದಾಯಿತು. ನಿಮ್ಮಪ್ಪ ಕೇಳಿದರೆ ನಿನಗೇನೂ ಗೊತ್ತಿಲ್ಲ. ನಿಂತ ನೀರು ಹೊರಹೋಗಲು ಬಸಿಗಾಲುವೆ ತೋಡಿಸಬೇಕು, ಅದಕ್ಕೆ ನೀನು ಬರಬೇಕು. ಮೇಲೆ ಧಾರವಾಡದ ಬಗ್ಗೆ ಬರೆದದ್ದನ್ನು ನೀನೇ ಗೀಚಿ ಹಾಕು, ನನಗೆ ಹೊತ್ತಿಲ್ಲ. ನನಗೆ ಗೊತ್ತಾಗಿದೆ ಎಂದು ಅವಳಿಗೆ ಫೋನಿನಲ್ಲಿ ಹೇಳಬೇಡ.

ನಿನ್ನೆ ಸಂಜೆ ತಿರುಗಿ ಬಂದಳು. ತಾಟಿನ ಮುಂದೆ ಕೂತು ತಲೆ ತಗ್ಗಿಸಿ, “ಸತ್ತಿದು ಕೊಟ್ಟ ಬಂದ್ನಿರಿ ಅತ್ತಿ. ಇದ್ದದ್ದು ಇದ್ದಾಂಗ ಕೊಟ್ಟೆ,” ಎಂದಳು. ಛಲೋ ಆತು ಎಂದೆ. ತುತ್ತು ಎತ್ತುವಾಗ ಕಿವಿಗೊಟ್ಟಳು. ಕರೆಂಟಿತ್ತು, ಹೊಳೆಯ ಕಡೆಯಿಂದ ಮೋಟರಿನ ಸಪ್ಪಳವಿರಲಿಲ್ಲ. ಯಾಕೆ ಬಂದ್ ಇದೆ ಎಂದು ಕೇಳಿದಳು. ಸ್ಟಾರ್ಟರ್ ಕೆಟ್ಟಿದೆ ಎಂದೆ. ಸುಳ್ಳು ಹೇಳುವವರ ಮುಖ ನೋಡುವುದು ಈ ಮನೆಯಲ್ಲಿ ನನ್ನ ಕೆಲಸ. ನಿನ್ನೆ ಅವಳು ನನ್ನ ಮುಖ ನೋಡಿದಳು. ಆಮೇಲೆ ತಾಟು ಮುಂದೆ ಸರಿಸಿ ಇನ್ನೊಂದು ರೊಟ್ಟಿ ಹಾಕ್ರಿ ಎಂದಳು. ಹೊತ್ತು ಇನ್ನೂ ಮುಳುಗಿರಲಿಲ್ಲ, ಹಾಕಿದೆ.